ಮೂರೇ ಸಾಮಗ್ರಿಯ ಬಿಸ್ಕತ್ತು, ಹತ್ತಾರು ಸಂದೇಹ

ಜಾಮ್ ತುಂಬಿದ ಶಾರ್ಟ್‌ಬ್ರೆಡ್ ಬಿಸ್ಕತ್ತನ್ನು ಮನೆಯಲ್ಲೇ ಮಾಡುವ ವಿಧಾನವನ್ನು ಈ ಅಂಕಣದಲ್ಲಿ ಕೊಟ್ಟ ಮೇಲೆ ಬಂದ ಪತ್ರಗಳಲ್ಲಿ ಮೆಚ್ಚುಗೆಗಿಂತ ದೂರುಗಳೇ ಹೆಚ್ಚು. ನನಗೆ ಇದರಿಂದ ಬೇಸರವಾಗಿಲ್ಲ. ಮೈದಾ, ಬೆಣ್ಣೆ, ಸಕ್ಕರೆ ಎಂಬ ಮೂರೇ ಪದಾರ್ಥಗಳಿಂದ ಆಗುವ ತಿಂಡಿಯಲ್ಲಿ ತಪ್ಪನ್ನು ಮುಚ್ಚಿಹಾಕಲು ಮಸಾಲೆಯೂ ಇಲ್ಲ, ಒಗ್ಗರಣೆಯೂ ಇಲ್ಲ. ಪತ್ರಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ಓದಿದಾಗ ಗೊತ್ತಾದದ್ದು ಇಷ್ಟು: ಊರು ಯಾವುದೇ ಇರಲಿ, ಒಲೆ ಯಾವುದೇ ಇರಲಿ, ಬಹುಪಾಲು ತೊಂದರೆಗಳ ಹಿಂದೆ ಇರುವುದು ನೀರು. ಬೆಣ್ಣೆಯಲ್ಲಿ ಅಡಗಿರುವ ನೀರು, ಜಾಮಿನಲ್ಲಿ ಉಳಿದ ನೀರು, ಕರಾವಳಿಯ ಗಾಳಿಯಲ್ಲಿ ತೇಲುವ ನೀರು. ಉತ್ತರಗಳಲ್ಲಿ ಅದೇ ಮಾತು ಮರಳಿ ಮರಳಿ ಬಂದರೆ ಓದುಗರು ಸಹಿಸಿಕೊಳ್ಳಬೇಕು.

ವಿಧಾನವನ್ನು ನೋಡದೆ ಇರುವವರಿಗಾಗಿ ಅದನ್ನು ಸಂಕ್ಷೇಪವಾಗಿ ಮತ್ತೊಮ್ಮೆ ಹೇಳುತ್ತೇನೆ. ತೂಕದಲ್ಲಿ ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಮೈದಾ ಎಂಬುದೇ ಇದರ ಮೂಲ ಲೆಕ್ಕ. 200 ಗ್ರಾಂ ಉಪ್ಪಿಲ್ಲದ ಬೆಣ್ಣೆಗೆ 100 ಗ್ರಾಂ ಪುಡಿ ಸಕ್ಕರೆ ಸೇರಿಸಿ ನುಣ್ಣಗೆ ಬೆರೆಸಬೇಕು. ಅದಕ್ಕೆ ಚಿಟಿಕೆ ಉಪ್ಪು ಮತ್ತು ಜರಡಿ ಹಿಡಿದ 300 ಗ್ರಾಂ ಮೈದಾ ಹಾಕಿ, ಚಪಾತಿ ಹಿಟ್ಟಿನಂತೆ ನಾದದೆ, ಬೆರಳ ತುದಿಯಿಂದ ಒಟ್ಟುಗೂಡಿಸಿ ಅರ್ಧ ಗಂಟೆ ಫ್ರಿಜ್‌ನಲ್ಲಿ ಇಡಬೇಕು. ಆಮೇಲೆ ಅರ್ಧ ಸೆಂಟಿಮೀಟರಿಗಿಂತ ತುಸು ತೆಳ್ಳಗೆ ಲಟ್ಟಿಸಿ, ದುಂಡನೆಯ ಬಿಲ್ಲೆಗಳನ್ನು ಕತ್ತರಿಸಿ, ಅರ್ಧದಷ್ಟು ಬಿಲ್ಲೆಗಳ ನಡುವೆ ಸಣ್ಣ ತೂತು ತೆಗೆದು, ಮೊದಲೇ ಕಾಯಿಸಿಟ್ಟ ಓವನ್‌ನಲ್ಲಿ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 15ರಿಂದ 18 ನಿಮಿಷ ಬೇಯಿಸಬೇಕು. ಪೂರ್ತಿ ಆರಿದ ಬಳಿಕ ತೂತಿಲ್ಲದ ಬಿಲ್ಲೆಗೆ ಒಂದು ಚಮಚೆ ಜಾಮ್ ಸವರಿ, ತೂತಿರುವ ಬಿಲ್ಲೆಯನ್ನು ಅದರ ಮೇಲೆ ಕೂರಿಸಬೇಕು. ಒಂದೊಂದು ಬಿಲ್ಲೆ 15 ಗ್ರಾಂ ತೂಗಿದರೆ ಇಷ್ಟು ಹಿಟ್ಟಿನಲ್ಲಿ 20 ಜೋಡಿಗಳಾಗುತ್ತವೆ. ಅವಕ್ಕೆ 120 ಗ್ರಾಂ ಜಾಮ್ ಸಾಕು.

ಪ್ರಶ್ನೆ: ನೀವು ಹೇಳಿದ ಅಳತೆಯಲ್ಲೇ ಮಾಡಿದೆ. ಓವನ್‌ಗೆ ಹೋಗುವಾಗ ದುಂಡಗಿದ್ದ ಬಿಲ್ಲೆಗಳು ಹೊರಬರುವಾಗ ಒಂದಕ್ಕೊಂದು ಅಂಟಿಕೊಂಡು ಇಡೀ ಟ್ರೇಯೇ ಒಂದು ಬಿಸ್ಕತ್ತಾಗಿತ್ತು. ಎರಡು ಸಲ ಹೀಗೇ ಆಯಿತು. ಬೇಕಿಂಗ್ ಪೌಡರ್ ಹಾಕದೆ ಇದ್ದದ್ದು ಕಾರಣವೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಬೇಕಿಂಗ್ ಪೌಡರಿಗೂ ಇದಕ್ಕೂ ಸಂಬಂಧವಿಲ್ಲ. ಹಾಕಿದ್ದರೆ ಬಿಲ್ಲೆಗಳು ಇನ್ನಷ್ಟು ಹರಡುತ್ತಿದ್ದವು. ನೀವು ಪತ್ರದಲ್ಲಿ ಬರೆಯದೆ ಬಿಟ್ಟ ಒಂದು ವಿಷಯವನ್ನು ನಾನೇ ಊಹಿಸುತ್ತೇನೆ: ನೀವು ಇದನ್ನು ಮಾಡಿದ್ದು ಬೇಸಿಗೆಯ ಮಧ್ಯಾಹ್ನದಲ್ಲಿರಬೇಕು.

ಬೆಣ್ಣೆ 32ರಿಂದ 35 ಡಿಗ್ರಿಯ ಆಸುಪಾಸಿನಲ್ಲಿ ಕರಗಿ ನೀರಾಗುತ್ತದೆ. ಸಕ್ಕರೆಯೊಂದಿಗೆ ಬೆರೆಸಲು ಅದು 18ರಿಂದ 20 ಡಿಗ್ರಿಯಲ್ಲಿ ಇರಬೇಕು. ಅಂದರೆ ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಆದರೆ ಬೆರಳಿಗೆ ಜಿಡ್ಡಿನ ಹೊಳಪು ಹತ್ತಬಾರದು. ಪಾಶ್ಚಾತ್ಯ ವಿಧಾನಗಳಲ್ಲೆಲ್ಲ ‘ಕೋಣೆಯ ಉಷ್ಣತೆಗೆ ಬಂದ ಬೆಣ್ಣೆ’ ಎಂದು ಬರೆದಿರುವುದು ಅಲ್ಲಿನ ಕೋಣೆಯನ್ನು ನೆನೆದು. ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಯ ಅಡುಗೆಮನೆಯಲ್ಲಿ ಬೆಣ್ಣೆಯನ್ನು ‘ಕೋಣೆಯ ಉಷ್ಣತೆಗೆ’ ಬಿಟ್ಟರೆ ಅದು ಬಟ್ಟಲಲ್ಲಿ ಎಣ್ಣೆಯಾಗಿ ನಿಂತಿರುತ್ತದೆ. ಹಾಗೆ ಕರಗಿದ ಬೆಣ್ಣೆಯಿಂದ ಅದರೊಳಗಿನ ನೀರು ಬೇರ್ಪಡುತ್ತದೆ. ಆ ನೀರನ್ನು ಮೈದಾ ಕುಡಿದು ಜಿಗುಟಾಗುತ್ತದೆ, ಜಿಡ್ಡು ಬಿಸಿಯಲ್ಲಿ ಹರಿದು ಹೋಗುತ್ತದೆ. ಗಟ್ಟಿ ಬೆಣ್ಣೆಯಿದ್ದ ಬಿಲ್ಲೆಯಾದರೆ, ಬೆಣ್ಣೆ ಕರಗುವಷ್ಟರಲ್ಲಿ ಅಂಚಿನ ಹಿಟ್ಟು ಬೆಂದು ಗಟ್ಟಿಯಾಗಿ ಗೋಡೆಯಂತೆ ನಿಂತಿರುತ್ತದೆ. ಮೊದಲೇ ಕರಗಿದ ಬೆಣ್ಣೆ ಆ ಗೋಡೆ ಏಳುವವರೆಗೆ ಕಾಯುವುದಿಲ್ಲ.

ಆದ್ದರಿಂದ ಬೆಣ್ಣೆಯನ್ನು ಫ್ರಿಜ್‌ನಿಂದ ತೆಗೆದು ಸಣ್ಣ ತುಂಡುಗಳಾಗಿ ಹೆಚ್ಚಿ, ನಿಮ್ಮೂರಿನ ಬೇಸಿಗೆಯಲ್ಲಾದರೆ ಐದು ನಿಮಿಷ ಬಿಟ್ಟು, ಕೂಡಲೇ ಸಕ್ಕರೆ ಹಾಕಿ ಬೆರೆಸಿ. ಅದು ಹಾಲಿನ ಕೆನೆಯಂತೆ ಒಂದಾದರೆ ಸಾಕು. ಕೇಕಿಗೆ ಮಾಡುವಂತೆ ಬೀಟರ್ ಹಿಡಿದು ಹತ್ತು ನಿಮಿಷ ನೊರೆ ಬರಿಸಿದರೆ ಒಳಗೆ ಗಾಳಿ ಸೇರಿ ಬಿಲ್ಲೆಗಳು ಉಬ್ಬಿ ಕುಸಿಯುತ್ತವೆ. ಸಕ್ಕರೆಯನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಿರಿ. ಕಾಳು ಸಕ್ಕರೆ ಉಳಿದರೆ ಅದು ಓವನ್‌ನಲ್ಲಿ ಕರಗಿ ಪಾಕವಾಗಿ ಹರಡುವಿಕೆಗೆ ಇಂಬು ಕೊಡುತ್ತದೆ. ಇನ್ನೊಂದು ತಪ್ಪನ್ನು ನಾನೂ ಬಹಳ ಕಾಲ ಮಾಡಿದ್ದೇನೆ. ಒಂದೇ ಟ್ರೇ ಇರುವವರು ಮೊದಲ ಸರದಿಯ ಬಿಸ್ಕತ್ತುಗಳನ್ನು ತೆಗೆದು ಅದೇ ಬಿಸಿ ಟ್ರೇಯ ಮೇಲೆ ಎರಡನೆಯ ಸರದಿಯ ಬಿಲ್ಲೆಗಳನ್ನು ಜೋಡಿಸುತ್ತಾರೆ. ಓವನ್ ಬಾಗಿಲು ಮುಚ್ಚುವ ಮೊದಲೇ ಅವುಗಳ ತಳ ಕರಗಿರುತ್ತದೆ. ಟ್ರೇಯನ್ನು ನಲ್ಲಿಯ ಕೆಳಗೆ ಹಿಡಿದು ತಣ್ಣಗೆ ಮಾಡಿ ಒರೆಸಿಕೊಳ್ಳಿ. ಕತ್ತರಿಸಿದ ಬಿಲ್ಲೆಗಳನ್ನು ಟ್ರೇ ಸಹಿತ ಇನ್ನೊಮ್ಮೆ ಹದಿನೈದು ನಿಮಿಷ ಫ್ರಿಜ್‌ನಲ್ಲಿಟ್ಟು, ಅಲ್ಲಿಂದ ನೇರವಾಗಿ ಓವನ್‌ಗೆ ಕಳಿಸಿ. ಇಷ್ಟು ಮಾಡಿಯೂ ಹರಡಿದರೆ ನಿಮ್ಮ ತಕ್ಕಡಿಯನ್ನು ಅನುಮಾನಿಸಬೇಕು. ಲೋಟದ ಅಳತೆ ಈ ಬಿಸ್ಕತ್ತಿಗೆ ಒಗ್ಗುವುದಿಲ್ಲ. ಒಂದೇ ಲೋಟದಲ್ಲಿ ಒತ್ತಿ ತುಂಬಿದ ಮೈದಾಕ್ಕೂ ಚಮಚೆಯಿಂದ ಹಗುರಾಗಿ ಉದುರಿಸಿದ ಮೈದಾಕ್ಕೂ ತೂಕದಲ್ಲಿ ದೊಡ್ಡ ಅಂತರ ಬರುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಮೊಸರು ಕಡೆದು ಬೆಣ್ಣೆ ತೆಗೆಯುತ್ತೇವೆ. ಮನೆಯ ಬೆಣ್ಣೆ ಇರುವಾಗ ಅಂಗಡಿಯದನ್ನು ಏಕೆ ತರಬೇಕು? ಅಥವಾ ತುಪ್ಪವನ್ನೇ ಹಾಕಬಹುದೇ?
– ಗೃಹಿಣಿ, ದಾವಣಗೆರೆ

ಉತ್ತರ: ಬೆಣ್ಣೆ ದೋಸೆಯ ಊರಿನವರಿಗೆ ಅಂಗಡಿಯ ಬೆಣ್ಣೆ ತನ್ನಿ ಎಂದು ಹೇಳುವ ಧೈರ್ಯ ನನಗಿಲ್ಲ. ಮನೆಯ ಬೆಣ್ಣೆ ಖಂಡಿತ ಆಗುತ್ತದೆ. ಆದರೆ ಅದರ ಲೆಕ್ಕ ಬೇರೆ. ಪ್ಯಾಕೆಟ್ಟಿನ ಬೆಣ್ಣೆಯಲ್ಲಿ ನೂರಕ್ಕೆ ಕನಿಷ್ಠ 80 ಪಾಲು ಜಿಡ್ಡು ಇರಲೇಬೇಕೆಂಬ ನಿಯಮವಿದೆ, ನೀರು 16 ಪಾಲಿನ ಮಿತಿಯಲ್ಲಿರುತ್ತದೆ. ಕಡೆದು ಉಂಡೆ ಕಟ್ಟಿದ ಬೆಣ್ಣೆಯಲ್ಲಿ ಮಜ್ಜಿಗೆಯ ಅಂಶ ಎಷ್ಟು ಉಳಿದಿದೆ ಎಂಬುದು ಕಡೆದವರ ಕೈಗೆ ಬಿಟ್ಟದ್ದು.

ತಿಳಿದುಕೊಳ್ಳಲು ಸುಲಭವಾದ ದಾರಿಯೊಂದಿದೆ. ನಿಮ್ಮ ಬೆಣ್ಣೆಯಲ್ಲಿ 100 ಗ್ರಾಂ ತೂಗಿ, ಸಣ್ಣ ಉರಿಯಲ್ಲಿ ತುಪ್ಪ ಕಾಯಿಸಿ, ಸೋಸಿ, ತುಪ್ಪವನ್ನು ತೂಗಿ ನೋಡಿ. ಸುಮಾರು 80 ಗ್ರಾಂ ಬಂದರೆ ನಿಮ್ಮ ಬೆಣ್ಣೆ ಪ್ಯಾಕೆಟ್ಟಿನದಕ್ಕೆ ಸಮ. 70 ಗ್ರಾಂ ಮಾತ್ರ ಬಂದರೆ ಉಳಿದದ್ದರಲ್ಲಿ ಹೆಚ್ಚಿನದು ನೀರು. ಆಗ ಕೆಲವರು ಕೊರತೆ ತುಂಬಲು ಬೆಣ್ಣೆಯನ್ನೇ 230 ಗ್ರಾಂ ಹಾಕಿಬಿಡುತ್ತಾರೆ. ಇದರಿಂದ ಜಿಡ್ಡು ಸರಿಹೋದರೂ ಅದರ ಜೊತೆಗೆ ಬರುವ ನೀರು ಇಮ್ಮಡಿಯಾಗುತ್ತದೆ. ನೀರು ಸಿಕ್ಕಿದ ಮೈದಾದಲ್ಲಿ ನಾರಿನಂಥ ಜಿಗುಟು ಹುಟ್ಟಿ ಬಿಸ್ಕತ್ತು ಬಾಯಲ್ಲಿ ಕರಗುವ ಬದಲು ಗಡುಸಾಗುತ್ತದೆ. ಈ ತಿಂಡಿಯ ಹೆಸರಿನಲ್ಲಿರುವ ‘ಶಾರ್ಟ್’ ಎಂಬುದು ಅದನ್ನೇ ಹೇಳುತ್ತದೆ. ಜಿಡ್ಡು ಹಿಟ್ಟಿನ ಕಣಗಳನ್ನು ಸುತ್ತುವರಿದು, ನಾರು ಉದ್ದಕ್ಕೆ ಬೆಳೆಯದಂತೆ ತಡೆದರೆ ಮಾತ್ರ ಮುಟ್ಟಿದರೆ ಉದುರುವ ಆ ಹದ ಬರುತ್ತದೆ. ಹಾಗಾಗಿ ಬೆಣ್ಣೆಯ ಅಳತೆಯನ್ನು ಏರಿಸುವ ಬದಲು ನೀರನ್ನು ಇಳಿಸಿ. ಬೆಣ್ಣೆಯನ್ನು ಐಸ್ ನೀರಿನಲ್ಲಿ ನಾಲ್ಕೈದು ಬಾರಿ, ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಬಳಿಕ ತಟ್ಟೆಯಲ್ಲಿ ಹರವಿ ಮರದ ಸೌಟಿನಿಂದ ಒತ್ತುತ್ತಾ, ಒಸರುವ ಹನಿಗಳನ್ನು ಬಟ್ಟೆಯಿಂದ ಒತ್ತಿ ತೆಗೆದು ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ತೊಳೆಯುವಾಗ ಹುಳಿಯೂ ಹೋಗುತ್ತದೆ. ತುಸು ಹುಳಿ ಉಳಿದರೆ ನನಗೇನೋ ಇಷ್ಟವೇ.

ತುಪ್ಪದಲ್ಲಿ ನೀರು ಇಲ್ಲದಿರುವುದರಿಂದ 200 ಗ್ರಾಂ ಬೆಣ್ಣೆಯ ಜಾಗದಲ್ಲಿ 160 ಗ್ರಾಂ ಸಾಕು. ಕರಗಿದ ತುಪ್ಪ ಬೇಡ, ಹರಳುಗಟ್ಟಿದ್ದು ಬೇಕು. ಆದರೆ ಹಾಗೆ ಮಾಡಿದರೆ ನಿಮ್ಮ ಕೈಗೆ ಬರುವುದು ಶಾರ್ಟ್‌ಬ್ರೆಡ್ಡಿಗಿಂತ ಸೂರತ್ತಿನ ನಾನ್‌ಖಟಾಯಿಗೆ ಹತ್ತಿರದ ತಿಂಡಿ. ಅದು ತಟ್ಟಿ ಬೇಯಿಸಲು ಚೆನ್ನ, ತೆಳ್ಳಗೆ ಲಟ್ಟಿಸಿ ತೂತು ತೆಗೆಯಲು ಹೊರಟರೆ ಅಂಗೈಯಲ್ಲೇ ಪುಡಿಯಾಗುತ್ತದೆ. ಉಪ್ಪಿರುವ ಟೇಬಲ್ ಬಟರ್ ಒಂದೇ ಮನೆಯಲ್ಲಿದ್ದರೆ ಅದನ್ನೂ ಬಳಸಬಹುದು. ಆಗ ಬೇರೆ ಉಪ್ಪು ಹಾಕಬೇಡಿ.

ಪ್ರಶ್ನೆ: ಹೆಬ್ಬೆರಳಿನಿಂದ ಗುಳಿ ಮಾಡಿ ಜಾಮ್ ತುಂಬಿ ಬೇಯಿಸಿದೆ. ಜಾಮ್ ಕುದಿದು ಹೊರಗೆ ಚೆಲ್ಲಿತು, ಉಳಿದದ್ದು ಗೋಂದಿನಂತೆ ಹಲ್ಲಿಗೆ ಅಂಟುತ್ತಿತ್ತು. ಬೇಕರಿಯ ಜಾಮ್ ಬಿಸ್ಕತ್ತಿನಲ್ಲಿ ಹೀಗಾಗುವುದಿಲ್ಲವಲ್ಲ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬೇಕರಿಯವರು ಬಳಸುವ ಜಾಮ್ ಬೇರೆ. ಓವನ್‌ನ ಬಿಸಿಯಲ್ಲೂ ಕರಗದೆ ನಿಲ್ಲುವಂತೆ ಬೇರೆ ಬಗೆಯ ಪೆಕ್ಟಿನ್ (ಜಾಮನ್ನು ಗಟ್ಟಿಗೊಳಿಸುವ, ಹಣ್ಣಿನಲ್ಲಿರುವ ಅಂಶ) ಸೇರಿಸಿದ ಜಾಮ್ ಅವರಿಗೆಂದೇ ತಯಾರಾಗುತ್ತದೆ. ನಾವು ಬ್ರೆಡ್ಡಿಗೆ ಸವರುವ ಬಾಟಲಿಯ ಜಾಮಿನಲ್ಲಿ ಕರಗಿದ ಘನಾಂಶ 65 ಪಾಲು, ಉಳಿದದ್ದು ನೀರು. 160 ಡಿಗ್ರಿಯಲ್ಲಿ ಆ ನೀರು ಕುದಿಯದೆ ಇರುತ್ತದೆಯೇ? ಮೇಲಕ್ಕೆ ಗುಳ್ಳೆ ಏಳುತ್ತದೆ, ಚೆಲ್ಲುತ್ತದೆ. ನೀರೆಲ್ಲ ಹಾರಿದ ಮೇಲೆ ಉಳಿಯುವುದು ಸಕ್ಕರೆಯ ಗಟ್ಟಿ ಪಾಕ, ಅದೇ ನಿಮ್ಮ ಹಲ್ಲಿಗೆ ಅಂಟಿದ ಗೋಂದು.

ಗುಳಿ ಬಿಸ್ಕತ್ತೇ ಬೇಕೆಂದರೆ ಎರಡು ಕಂತಿನಲ್ಲಿ ಬೇಯಿಸಿ. ಗುಳಿಯನ್ನು ಖಾಲಿ ಬಿಟ್ಟು ಹತ್ತು ನಿಮಿಷ ಬೇಯಿಸಿ ಹೊರತೆಗೆಯಿರಿ. ಆ ವೇಳೆಗೆ ಗುಳಿ ತುಸು ಮೇಲೆದ್ದಿರುತ್ತದೆ. ಚಮಚೆಯ ಬೆನ್ನಿನಿಂದ ಮೆಲ್ಲಗೆ ಒತ್ತಿ, ಅಂಚಿಗಿಂತ ಕೆಳಗೇ ನಿಲ್ಲುವಂತೆ ಅರ್ಧ ಚಮಚೆ ಜಾಮ್ ಹಾಕಿ, ಮತ್ತೆ ಐದಾರು ನಿಮಿಷ ಇಟ್ಟರೆ ಜಾಮ್ ಹೊಳಪು ಪಡೆದು ಅಲ್ಲೇ ನಿಲ್ಲುತ್ತದೆ. ಜೋಡಿ ಬಿಸ್ಕತ್ತಿನಲ್ಲಿ ಈ ತಾಪತ್ರಯವಿಲ್ಲ, ಏಕೆಂದರೆ ಜಾಮ್ ಓವನ್‌ಗೆ ಹೋಗುವುದೇ ಇಲ್ಲ. ಆದರೆ ಬಾಟಲಿಯಿಂದ ತೆಗೆದು ಹಾಗೇ ಸವರಿದರೆ ಮೇಲಿನ ಬಿಲ್ಲೆ ಜಾರುತ್ತದೆ. 120 ಗ್ರಾಂ ಜಾಮನ್ನು ಸಣ್ಣ ಪಾತ್ರೆಯಲ್ಲಿ, ನೀರು ಸೇರಿಸದೆ, ಕಲಕುತ್ತಾ ಎರಡು ಮೂರು ನಿಮಿಷ ಕುದಿಸಿ, ಉಗುರುಬೆಚ್ಚಗಿರುವಾಗಲೇ ಸವರಿ. ಆರಿದ ಮೇಲೆ ಅದು ಎರಡು ಬಿಲ್ಲೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಬಾಟಲಿ ಕೊಳ್ಳುವಾಗ ಚೀಟಿಯಲ್ಲಿ ಹಣ್ಣಿನ ಪ್ರಮಾಣವನ್ನು ಓದಿ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಜಾಮ್ ಎನಿಸಿಕೊಳ್ಳಲು 45 ಪಾಲು ಹಣ್ಣು ಇರಬೇಕು. ಸ್ಟ್ರಾಬೆರಿ, ರಾಸ್‌ಬೆರಿ ಜಾಮಿಗೆ ಮಾತ್ರ 25 ಪಾಲು ಇದ್ದರೂ ಸಾಕೆಂಬ ವಿನಾಯಿತಿಯಿದೆ. ಕೆಂಪು ಬಣ್ಣ ಕಂಡು ಹಣ್ಣು ಹೆಚ್ಚೆಂದು ಭಾವಿಸುವವರು ಈ ವಿನಾಯಿತಿಯನ್ನು ನೆನಪಿಡಬೇಕು.

ಪ್ರಶ್ನೆ: ನಮ್ಮ ತೋಟದ ಅನಾನಸ್ಸಿನಿಂದ ಮನೆಯಲ್ಲೇ ಜಾಮ್ ಮಾಡಿ ತುಂಬಿದರೆ ಹೇಗೆ? ಥರ್ಮಾಮೀಟರ್ ಇಟ್ಟು 105 ಡಿಗ್ರಿ ಬರುವವರೆಗೆ ಕಾಯಿಸಿದರೆ ಜಾಮ್ ಕಲ್ಲಾಗುತ್ತದೆ. ಮಂಗಳೂರಿನ ನನ್ನ ತಂಗಿಗೆ ಅದೇ ವಿಧಾನದಲ್ಲಿ ಸರಿಯಾಗಿ ಬರುತ್ತದೆ.
– ಕೃಷಿಕ ಮಹಿಳೆ, ಶಿರಸಿ

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಪ್ರಶ್ನೆ ಇದು. ತಪ್ಪು ನಿಮ್ಮದೂ ಅಲ್ಲ, ಥರ್ಮಾಮೀಟರಿನದೂ ಅಲ್ಲ, ಘಟ್ಟದ್ದು. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಎತ್ತರಕ್ಕೆ ಹೋದಂತೆ, ಹೆಚ್ಚುಕಡಿಮೆ ಪ್ರತಿ 300 ಮೀಟರಿಗೆ ಒಂದು ಡಿಗ್ರಿಯಂತೆ, ಕುದಿಯುವ ಬಿಂದು ಇಳಿಯುತ್ತದೆ. ಜಾಮ್ ಹದಕ್ಕೆ ಬರುವುದು ಆಯಾ ಊರಿನಲ್ಲಿ ನೀರು ಕುದಿಯುವ ಬಿಂದುವಿಗಿಂತ ನಾಲ್ಕರಿಂದ ಐದು ಡಿಗ್ರಿ ಮೇಲೆ. ಹಾಗಾಗಿ ಮಂಗಳೂರಿನಲ್ಲಿ 104–105 ಸರಿ. ಸುಮಾರು 600 ಮೀಟರ್ ಎತ್ತರದ ಶಿರಸಿಯಲ್ಲಿ 102–103ಕ್ಕೆ ಇಳಿಸಬೇಕು. 900 ಮೀಟರಿನ ಬೆಂಗಳೂರಿನಲ್ಲಿ 101–102, ಮಡಿಕೇರಿಯಲ್ಲಿ ಅದಕ್ಕಿಂತಲೂ ಒಂದು ಡಿಗ್ರಿ ಕಡಿಮೆ. ನೀವು 105ಕ್ಕಾಗಿ ಕಾಯುತ್ತಾ ಕುಳಿತಾಗ ಜಾಮ್ ಪಾಕದ ಹದವನ್ನೂ ದಾಟಿ ಹೋಗುತ್ತಿತ್ತು. ಮೊದಲು ಬರೀ ನೀರನ್ನು ಕುದಿಸಿ ನಿಮ್ಮ ಥರ್ಮಾಮೀಟರ್ ಎಷ್ಟು ತೋರಿಸುತ್ತದೆ ಎಂದು ಬರೆದಿಟ್ಟುಕೊಳ್ಳಿ. ಅದಕ್ಕೆ ನಾಲ್ಕೂವರೆ ಕೂಡಿಸಿದರೆ ನಿಮ್ಮ ಮನೆಯ ಲೆಕ್ಕ ಸಿಗುತ್ತದೆ. ಥರ್ಮಾಮೀಟರ್ ಇಲ್ಲದವರು ಫ್ರೀಜರ್‌ನಲ್ಲಿಟ್ಟ ತಟ್ಟೆಯ ಮೇಲೆ ಒಂದು ಹನಿ ಜಾಮ್ ಬಿಟ್ಟು, ನಿಮಿಷದ ನಂತರ ಬೆರಳಿನಿಂದ ತಳ್ಳಿದಾಗ ಮೇಲ್ಮೈ ಸುಕ್ಕುಗಟ್ಟುವುದೇ ಎಂದು ನೋಡಬಹುದು.

ಅನಾನಸ್ಸಿನಲ್ಲಿ ಪೆಕ್ಟಿನ್ ಕಡಿಮೆ. ನಿಂಬೆರಸ ಮಾತ್ರವಲ್ಲದೆ, ನಿಂಬೆಯ ಬೀಜಗಳನ್ನೂ ಬಿಳಿಯ ತಿರುಳನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ ಹಣ್ಣಿನೊಂದಿಗೆ ಬೇಯಿಸಿ ಕೊನೆಯಲ್ಲಿ ಹಿಂಡಿದರೆ ಅದರ ಪೆಕ್ಟಿನ್ ಜಾಮಿಗೆ ಇಳಿಯುತ್ತದೆ. ಬಿಸ್ಕತ್ತಿಗೆ ತುಂಬುವ ಜಾಮ್ ನುಣ್ಣಗಿರಬೇಕು, ಹಣ್ಣಿನ ಚೂರು ಸಿಕ್ಕರೆ ಮೇಲಿನ ಬಿಲ್ಲೆ ಓರೆಯಾಗಿ ಕೂರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅದು ಹುಳಿಯಾಗಿರಬೇಕು. ಬೆಣ್ಣೆಯೂ ಸಕ್ಕರೆಯೂ ತುಂಬಿದ ಬಿಲ್ಲೆಯ ನಡುವೆ ಮತ್ತೆ ಸಿಹಿಯನ್ನೇ ಇಟ್ಟರೆ ಎರಡನೆಯದನ್ನು ತಿನ್ನಲು ಮನಸ್ಸಾಗುವುದಿಲ್ಲ. ಅನಾನಸ್, ಪ್ಯಾಶನ್ ಫ್ರೂಟ್, ಕಿತ್ತಳೆಯ ಸಿಪ್ಪೆ ಹಾಕಿದ ಮಾರ್ಮಲೇಡ್, ನಿಂಬೆ ಹಿಂಡಿದ ಸೀಬೆಯ ಜೆಲ್ಲಿ ಇವೆಲ್ಲ ಚೆನ್ನಾಗಿ ಹೊಂದುತ್ತವೆ. ಹಲಸಿನ ಹಣ್ಣಿನ ಜಾಮನ್ನು ನಾನು ಒಮ್ಮೆ ಪ್ರಯತ್ನಿಸಿದೆ. ಮನೆಯ ತುಂಬ ಒಳ್ಳೆಯ ಪರಿಮಳ ಬಂತು, ಬಿಸ್ಕತ್ತು ಮಾತ್ರ ಡಬ್ಬಿಯಲ್ಲೇ ಉಳಿಯಿತು.

ಪ್ರಶ್ನೆ: ಈ ಬಿಸ್ಕತ್ತು ಇಂಗ್ಲಿಷರದ್ದೇ? ಕೆಲವರು ಇದನ್ನು ಲಿಂಜರ್ ಎನ್ನುತ್ತಾರೆ.
– ನಿವೃತ್ತ ಅಧ್ಯಾಪಕರು, ಮೈಸೂರು

ಉತ್ತರ: ಎರಡು ವಂಶಗಳು ಇಲ್ಲಿ ಕೂಡಿವೆ. ಶಾರ್ಟ್‌ಬ್ರೆಡ್ ಸ್ಕಾಟ್ಲೆಂಡಿನದು. ಕ್ರಿಸ್‌ಮಸ್ ಮತ್ತು ಹೊಸ ವರ್ಷದ ಹಬ್ಬಕ್ಕೆ ಅಲ್ಲಿ ಅದು ಇರಲೇಬೇಕು. ಎರಡು ಬಿಲ್ಲೆಗಳ ನಡುವೆ ಜಾಮ್ ಇಟ್ಟು ಮೇಲಿನದರಲ್ಲಿ ಕಿಟಕಿ ತೆರೆಯುವ ರೂಢಿ ಆಸ್ಟ್ರಿಯಾದ ಲಿಂಟ್ಸ್ ನಗರದ ಹೆಸರಿನೊಂದಿಗೆ ಬಂದದ್ದು. ಲಿಂಜರ್ ಎಂದರೆ ಲಿಂಟ್ಸಿನದು ಎಂದರ್ಥ. ಆ ನಗರದ ಹೆಸರಿನ ಕೇಕಿಗೆ 1653ರ ಕೈಬರಹದ ವಿಧಾನವೊಂದು ಆಡ್ಮಾಂಟ್ ಎಂಬ ಊರಿನ ಕ್ರೈಸ್ತ ಮಠದ ಸಂಗ್ರಹದಲ್ಲಿ ಸಿಕ್ಕಿದೆ. ಬಾದಾಮಿ ಅಥವಾ ಹೇಝಲ್‌ನಟ್ ಪುಡಿ ಬೆರೆಸಿದ ಹಿಟ್ಟು ಮತ್ತು ಹುಳಿಯಾದ ರೆಡ್‌ಕರೆಂಟ್ ಹಣ್ಣಿನ ಜಾಮ್ ಲಿಂಟ್ಸ್ ಕೇಕಿನ ಗುರುತು. ಅದೇ ಹಿಟ್ಟು ಜಾಮುಗಳ ಬಿಸ್ಕತ್ತಿಗೆ ಅಲ್ಲಿನವರು ‘ಲಿಂಟ್ಸಿನ ಕಣ್ಣುಗಳು’ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನಲ್ಲಿ ಇದರ ಸೋದರನಿಗೆ ‘ತುಂಟ ಹುಡುಗರು’ ಎಂದು ಹೆಸರು. ಸ್ವೀಡನ್ನಿನವರು ಗುಳಿಯಲ್ಲಿ ಜಾಮ್ ತುಂಬುವ ಬಗೆಯನ್ನು ‘ರಾಸ್‌ಬೆರಿ ಗುಹೆ’ ಎನ್ನುತ್ತಾರೆ.

ಸ್ಕಾಟ್ಲೆಂಡಿನಲ್ಲಿ ಜೋಡಿ ಶಾರ್ಟ್‌ಬ್ರೆಡ್ಡಿನ ನಡುವೆ ಜಾಮ್ ಇಟ್ಟು, ಮೇಲೆ ಸಕ್ಕರೆಯ ಬಿಳಿ ಲೇಪ ಹಚ್ಚಿ ಚೆರಿ ಕೂರಿಸುವ ಬಿಸ್ಕತ್ತನ್ನು ಹಿಂದೆ ಲಿಂಜರ್ ಬಿಸ್ಕತ್ತು, ಜರ್ಮನ್ ಬಿಸ್ಕತ್ತು ಎಂದೇ ಕರೆಯುತ್ತಿದ್ದರು. ಮೊದಲ ಮಹಾಯುದ್ಧ ಶುರುವಾಗಿ ಜರ್ಮನಿ ಶತ್ರುವಾದ ಮೇಲೆ ಅದೇ ಬಿಸ್ಕತ್ತು ‘ಎಂಪೈರ್ ಬಿಸ್ಕತ್ತು’ ಆಯಿತು. ರುಚಿ ಬದಲಾಗಲಿಲ್ಲ. ನಮ್ಮ ವಿಧಾನದಲ್ಲಿ 50 ಗ್ರಾಂ ಮೈದಾ ಕಳೆದು ಅಷ್ಟೇ ಬಾದಾಮಿ ಪುಡಿ ಸೇರಿಸಿದರೆ ನೀವು ಲಿಂಟ್ಸಿನ ಕಡೆಗೆ ಒಂದು ಹೆಜ್ಜೆ ಇಟ್ಟಂತೆ.

ಪ್ರಶ್ನೆ: ವಿಡಿಯೊದಲ್ಲಿ 350 ಡಿಗ್ರಿ ಎಂದಿದ್ದರು. ನಮ್ಮ ಒಟಿಜಿಯಲ್ಲಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ಪುಟ್ಟ ಓವನ್) 250ಕ್ಕಿಂತ ಮೇಲೆ ಇಲ್ಲವಾದ್ದರಿಂದ ಕೊನೆಗೆ ತಿರುಗಿಸಿಟ್ಟೆ. ಎಂಟೇ ನಿಮಿಷದಲ್ಲಿ ಎಲ್ಲ ಕರಿ ಇದ್ದಿಲು.
– ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಆ ವಿಡಿಯೊ ಅಮೆರಿಕದವರದು, ಅವರು ಹೇಳಿದ್ದು ಫ್ಯಾರನ್‌ಹೀಟ್. 32 ಕಳೆದು, ಐದರಿಂದ ಗುಣಿಸಿ, ಒಂಬತ್ತರಿಂದ ಭಾಗಿಸಿದರೆ ಅದು ನಮ್ಮ 177 ಡಿಗ್ರಿ. ಈ ಬಿಸ್ಕತ್ತಿಗೆ ಅದೂ ಹೆಚ್ಚೇ. ಫ್ಯಾನ್ ಇರುವ ಓವನ್ ಆದರೆ ನಾನು ಹೇಳಿದ 160ರಿಂದಲೂ 15 ಡಿಗ್ರಿ ಇಳಿಸಿ. ಅಂಚು ಮಾತ್ರ ತಿಳಿ ಹೊಂಬಣ್ಣಕ್ಕೆ ತಿರುಗಿ ನಡುಭಾಗ ಬೆಳ್ಳಗೇ ಇರುವಾಗ ತೆಗೆಯಬೇಕು. ಆಗ ಮುಟ್ಟಿದರೆ ಮೆತ್ತಗಿರುತ್ತದೆ, ಬೆಂದಿಲ್ಲವೆಂದು ಮತ್ತೆ ಒಳಗಿಡಬೇಡಿ. ಟ್ರೇಯ ಮೇಲೆ ಹತ್ತು ನಿಮಿಷ ಬಿಟ್ಟರೆ ತಾನಾಗಿ ಗಟ್ಟಿಯಾಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಓವನ್ ಇಲ್ಲ. ಕುಕ್ಕರಿನಲ್ಲಿ ಮಾಡಬಹುದೇ? ಮಗ ತಂದಿರುವ ಮೈಕ್ರೋವೇವ್ ಇದೆ.
– ಓದುಗರೊಬ್ಬರು, ತುಮಕೂರು ಜಿಲ್ಲೆ

ಉತ್ತರ: ಮೈಕ್ರೋವೇವಿನಲ್ಲಿ ‘ಕನ್ವೆಕ್ಷನ್’ ಎಂಬ ಗುಂಡಿ ಇದ್ದರೆ ಅದನ್ನು ಓವನ್ನಿನಂತೆಯೇ ಬಳಸಬಹುದು. ಇಲ್ಲದಿದ್ದರೆ ಅದು ಬಿಸಿ ಮಾಡುವ ಪೆಟ್ಟಿಗೆಯಷ್ಟೇ, ಹೊಂಬಣ್ಣ ಬರಿಸುವ ಶಕ್ತಿ ಅದಕ್ಕಿಲ್ಲ. ನೀರಿಲ್ಲದೆ ಕಾಯಿಸಿದರೆ ಕುಕ್ಕರಿನ ತಳ ಹಾಳಾಗುವ ಸಂಭವವಿರುವುದರಿಂದ ನಾನು ದಪ್ಪ ತಳದ ಹಳೆಯ ಬಾಣಲೆಯನ್ನೇ ಹೇಳುತ್ತೇನೆ. ಕುಕ್ಕರೇ ಗತಿಯೆಂದಾದರೆ ಗ್ಯಾಸ್ಕೆಟ್ ಮತ್ತು ವಿಷಲ್ ಎರಡನ್ನೂ ಮರೆಯದೆ ತೆಗೆದಿಡಿ. ಬಾಣಲೆಯಲ್ಲಿ ಎರಡು ಬೆರಳು ದಪ್ಪ ಪುಡಿ ಉಪ್ಪು ಹರವಿ, ನಡುವೆ ಒಂದು ಸ್ಟ್ಯಾಂಡ್ ಇಟ್ಟು, ಬಿಗಿಯಾದ ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ. ಬಳಿಕ ಉರಿಯನ್ನು ತೀರಾ ಸಣ್ಣದು ಮಾಡಿ ಬಿಲ್ಲೆಗಳಿರುವ ತಟ್ಟೆಯನ್ನು ಒಳಗಿಡಿ. 20ರಿಂದ 25 ನಿಮಿಷ ಹಿಡಿಯುತ್ತದೆ. ಶಾಖವೆಲ್ಲ ಕೆಳಗಿನಿಂದ ಬರುವುದರಿಂದ ತಳ ಕೆಂಪಾಗಿ ಮೇಲೆ ಬೆಳ್ಳಗೇ ಇರುತ್ತದೆ. ಅದನ್ನು ಒಪ್ಪಿಕೊಳ್ಳಿ, ತಿರುವಿ ಹಾಕಲು ಹೋದರೆ ಮುರಿಯುತ್ತದೆ. ಹದಿನೈದನೆಯ ನಿಮಿಷದಿಂದ ಆಗಾಗ ಇಣುಕಿ ನೋಡಿ. ಆ ಉಪ್ಪನ್ನು ಅಡುಗೆಗೆ ಬಳಸದೆ ಡಬ್ಬಿಯಲ್ಲಿಟ್ಟರೆ ಮುಂದಿನ ಸಲಕ್ಕೂ ಅದೇ ಆಗುತ್ತದೆ.

ಪ್ರಶ್ನೆ: ನಾವು ಇರುವುದು ನ್ಯೂಜೆರ್ಸಿಯಲ್ಲಿ. ಊರಿನಿಂದ ಬಂದಿರುವ ಅತ್ತೆಯವರು ಮೊಟ್ಟೆ ತಿನ್ನುವುದಿಲ್ಲ. ಇಲ್ಲಿನ ವಿಧಾನಗಳಲ್ಲಿ ಹಳದಿ ಲೋಳೆ ಹಾಕಲು ಹೇಳುತ್ತಾರೆ. ಅದನ್ನು ಬಿಟ್ಟರೆ ಲಟ್ಟಿಸುವಾಗ ಹಿಟ್ಟು ಬಿರುಕು ಬಿಡುತ್ತದೆ.
– ಓದುಗರೊಬ್ಬರು, ಅಮೆರಿಕ

ಉತ್ತರ: ಹಳದಿ ಲೋಳೆ ಲಿಂಟ್ಸ್ ಕಡೆಯ ಪದ್ಧತಿ. ಸ್ಕಾಟ್ಲೆಂಡಿನ ಶಾರ್ಟ್‌ಬ್ರೆಡ್ಡಿಗೆ ಮೂಲದಲ್ಲೇ ಮೊಟ್ಟೆ ಇಲ್ಲ, ಆದ್ದರಿಂದ ಅತ್ತೆಯವರು ನಿಶ್ಚಿಂತೆಯಿಂದ ತಿನ್ನಬಹುದು. ಲೋಳೆ ಹಾಕಲು ಹೇಳುವ ವಿಧಾನದಿಂದ ಅದನ್ನು ಸುಮ್ಮನೆ ಕಿತ್ತುಹಾಕಿದರೆ ಉಳಿದ ಅಳತೆ ತಪ್ಪುತ್ತದೆ. ಮೊದಲಿನಿಂದಲೇ ಮೊಟ್ಟೆಯಿಲ್ಲದ ಲೆಕ್ಕವನ್ನು ಹಿಡಿಯಿರಿ. ಅಲ್ಲಿನ ಬೆಣ್ಣೆಯ ಎರಡು ಸ್ಟಿಕ್ ಎಂದರೆ ಸುಮಾರು 226 ಗ್ರಾಂ ಎಂಬುದನ್ನು ನೆನಪಿಟ್ಟು 200 ಗ್ರಾಂ ತೂಗಿಕೊಳ್ಳಿ. ಹಿಟ್ಟು ತುಂಬ ತಣ್ಣಗಿದ್ದಾಗ ಲಟ್ಟಿಸಿದರೆ ಬಿರುಕು ಬರುವುದು ಸಹಜ. ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಡಿ. ಒಣ ಹಿಟ್ಟು ಉದುರಿಸುವ ಬದಲು ಎರಡು ಬಟರ್ ಪೇಪರಿನ ನಡುವೆ ಇಟ್ಟು ಲಟ್ಟಣಿಗೆ ಆಡಿಸಿ. ಅತ್ತೆಯವರ ಕೈಗೇ ಕೊಟ್ಟರೆ ಇನ್ನೂ ಒಳ್ಳೆಯದು: ಒಬ್ಬಟ್ಟನ್ನು ಹಾಳೆಯ ಮೇಲೆ ಹರಿಯದಂತೆ ತಟ್ಟಿದ ಕೈಗೆ ಇದು ಕಷ್ಟವೇ ಅಲ್ಲ. ಅಲ್ಲಿನ ಹಿಟ್ಟು ಕೆಲವೊಮ್ಮೆ ನಮ್ಮ ಮೈದಾಕ್ಕಿಂತ ಗಡುಸು. 300 ಗ್ರಾಂನಲ್ಲಿ 40 ಗ್ರಾಂ ತೆಗೆದು ಅಷ್ಟೇ ಅಕ್ಕಿ ಹಿಟ್ಟು ಸೇರಿಸಿ. ಇದು ನಮ್ಮ ಚಕ್ಕುಲಿಯಿಂದ ಕದ್ದ ಉಪಾಯವೆಂದು ಭಾವಿಸಬೇಡಿ, ಅಕ್ಕಿ ಹಿಟ್ಟು ಅಥವಾ ಸಣ್ಣ ರವೆ ಬೆರೆಸುವ ರೂಢಿ ಸ್ಕಾಟ್ಲೆಂಡಿನಲ್ಲೇ ಇದೆ.

ಪ್ರಶ್ನೆ: ಸಂಜೆ ಮಾಡಿದ ಬಿಸ್ಕತ್ತು ಮರುದಿನ ಬೆಳಿಗ್ಗೆ ರಸ್ಕನ್ನು ಚಹಾದಲ್ಲಿ ಅದ್ದಿದಂತೆ ಮೆತ್ತಗಾಗಿರುತ್ತದೆ. ಡಬ್ಬಿ ಗಟ್ಟಿಯಾಗಿಯೇ ಮುಚ್ಚಿದ್ದೆ.
– ಓದುಗರೊಬ್ಬರು, ಉಡುಪಿ

ಉತ್ತರ: ಡಬ್ಬಿ ಹೊರಗಿನ ತೇವವನ್ನು ತಡೆಯುತ್ತದೆ, ಒಳಗಿನದನ್ನು ತಡೆಯಲಾರದು. ಜಾಮಿನ ಮೂರನೆಯ ಒಂದು ಭಾಗ ನೀರು, ಅದರ ಪಕ್ಕದಲ್ಲಿ ಒಣಗಿದ ಬಿಸ್ಕತ್ತು. ನೀರು ಹೆಚ್ಚಿರುವ ಕಡೆಯಿಂದ ಇಲ್ಲದ ಕಡೆಗೆ ನಡೆಯುತ್ತಲೇ ಇರುತ್ತದೆ. ಆದ್ದರಿಂದ ಬಿಲ್ಲೆಗಳನ್ನು ಜಾಮ್ ಇಲ್ಲದೆ ಸ್ಟೀಲ್ ಡಬ್ಬಿಯಲ್ಲಿಟ್ಟು, ತಿನ್ನುವ ದಿನವಷ್ಟೇ ಜೋಡಿಸಿ. ಪೂರ್ತಿ ಆರುವ ಮೊದಲು ಡಬ್ಬಿಗೆ ಹಾಕಿದರೆ ಅವುಗಳ ಉಗಿಯೇ ಮುಚ್ಚಳದ ಒಳಗೆ ಹನಿಯಾಗುತ್ತದೆ. ಬರಿಯ ಬಿಲ್ಲೆಗಳು ಎರಡು ವಾರ ಕೆಡುವುದಿಲ್ಲ. ಮಳೆಗಾಲದಲ್ಲಿ ಮೆತ್ತಗಾದರೆ 150 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟು ಆರಿಸಿದರೆ ಗರಿ ಮರಳುತ್ತದೆ. ಮೊದಲೇ ಜೋಡಿಸಿಡಲೇಬೇಕಾದರೆ ಒಳಮೈಗೆ ಕರಗಿದ ಬಿಳಿ ಚಾಕೊಲೇಟನ್ನು ತೆಳ್ಳಗೆ ಬಳಿದು, ಅದು ಗಟ್ಟಿಯಾದ ಮೇಲೆ ಜಾಮ್ ಹಾಕಿ. ಜಿಡ್ಡಿನ ಆ ಪದರ ನೀರಿಗೆ ಒಂದೆರಡು ದಿನ ಅಡ್ಡ ನಿಲ್ಲುತ್ತದೆ. ಇಷ್ಟು ಹೇಳಿದ ಮೇಲೆ ಒಂದು ಒಪ್ಪಿಗೆಯೂ ಇದೆ: ಆರೇಳು ಗಂಟೆ ಕಳೆದು ಅಂಚು ಗರಿಯಾಗಿಯೂ ನಡು ಮೃದುವಾಗಿಯೂ ಇರುವ ಹೊತ್ತಿನ ಬಿಸ್ಕತ್ತೇ ನನಗೆ ಹೆಚ್ಚು ಪ್ರಿಯ.

ಪ್ರಶ್ನೆ: ಯಜಮಾನರಿಗೆ ಸಕ್ಕರೆ ಕಾಯಿಲೆ. ಮೈದಾ ಬದಲು ರಾಗಿ, ಸಕ್ಕರೆ ಬದಲು ಬೆಲ್ಲ ಹಾಕಿದರೆ ಅವರು ತಿನ್ನಬಹುದಲ್ಲವೇ?
– ಗೃಹಿಣಿ, ಮಂಡ್ಯ

ಉತ್ತರ: ಹಾಗೆಂದು ಹೇಳಿ ನಿಮ್ಮನ್ನು ಸಮಾಧಾನಪಡಿಸಲಾರೆ. ಬೆಲ್ಲವೂ ಸಕ್ಕರೆಯೇ, ಜಾಮಿನಲ್ಲಿರುವುದೂ ಸಕ್ಕರೆಯೇ. ಒಂದು ಜೋಡಿಯಲ್ಲಿ 10 ಗ್ರಾಂ ಬೆಣ್ಣೆ, 5 ಗ್ರಾಂ ಸಕ್ಕರೆ, 15 ಗ್ರಾಂ ಮೈದಾ, 6 ಗ್ರಾಂ ಜಾಮ್ ಸೇರಿ ಸುಮಾರು 160 ಕ್ಯಾಲೊರಿಗಳಾಗುತ್ತವೆ. ಎಷ್ಟು ತಿನ್ನಬಹುದು ಎಂಬುದನ್ನು ಅವರ ವೈದ್ಯರು ಹೇಳಬೇಕು. ರುಚಿಗಾಗಿ ರಾಗಿ ಹಾಕುವುದಾದರೆ 300 ಗ್ರಾಂ ಮೈದಾದಲ್ಲಿ 100 ಗ್ರಾಂ ತೆಗೆದು, ಘಮ್ಮೆನ್ನುವಂತೆ ಹುರಿದು ಆರಿಸಿದ ರಾಗಿ ಹಿಟ್ಟು ಸೇರಿಸಿ. ಅದಕ್ಕಿಂತ ಹೆಚ್ಚಾದರೆ ಬಿಲ್ಲೆ ನಿಲ್ಲುವುದಿಲ್ಲ. ಬಣ್ಣ ನೋಡಿ ಬೆಂದದ್ದನ್ನು ತಿಳಿಯಲು ರಾಗಿಯಲ್ಲಿ ಆಗದು, ಗಡಿಯಾರವನ್ನೇ ನಂಬಬೇಕು.

ಪ್ರಶ್ನೆ: ತೂತು ತೆಗೆದಾಗ ಬರುವ ಸಣ್ಣ ಬಿಲ್ಲೆಗಳನ್ನು ಮತ್ತೆ ಹಿಟ್ಟಿಗೆ ಸೇರಿಸಬೇಕೇ?
– ಎಂಟನೆಯ ತರಗತಿಯ ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಬೇಡಮ್ಮ. ಮತ್ತೆ ಮತ್ತೆ ಉಂಡೆ ಕಟ್ಟಿ ಲಟ್ಟಿಸಿದಷ್ಟೂ ಹಿಟ್ಟು ಗಡುಸಾಗುತ್ತದೆ. ಅಂಚಿನ ಚೂರುಗಳನ್ನು ಒಂದು ಸಲ ಸೇರಿಸಿಕೊಂಡರೆ ಸಾಕು. ಆ ಪುಟ್ಟ ಬಿಲ್ಲೆಗಳನ್ನು ಬೇರೆ ತಟ್ಟೆಯಲ್ಲಿಟ್ಟು, ದೊಡ್ಡವರ ಸಹಾಯ ಪಡೆದು ಎಂಟರಿಂದ ಹತ್ತು ನಿಮಿಷ ಬೇಯಿಸು. ದೊಡ್ಡ ಬಿಲ್ಲೆಗಳ ಜೊತೆಗೇ ಇಟ್ಟರೆ ಇವು ಮೊದಲೇ ಸೀದುಹೋಗುತ್ತವೆ. ಬಿಸಿ ಆರುವ ಮೊದಲು ಜಾಮಿನ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಇವುಗಳಿಂದಲೇ ಬಳಿದು ತಿನ್ನಬಹುದು, ಪಾತ್ರೆ ತೊಳೆಯುವುದೂ ಹಗುರವಾಗುತ್ತದೆ.